ಕಾರಿಗೆ ಕೂಲರ್, ಹುಳದ ಮನೆಗೆ ಗೋಣಿತಟ್ಟು

ಕಳೆದ ವರ್ಷ ಏಪ್ರಿಲ್‌ನಲ್ಲಿ ನಮ್ಮನೆಯಲ್ಲಿ ಒಂದು ಜಗಳ ಆಯ್ತು. ಕಾರಣ, ಸ್ಲೇಟಿನಷ್ಟು ಅಗಲದ ಒಂದು ಅಲ್ಯೂಮಿನಿಯಂ ಜಾಲರಿ. ಹೆಸರು ಆಯಿಲ್ ಕೂಲರ್. ಪೈಪು, ಫಿಟ್ಟಿಂಗು, ಕೂಲಿ ಎಲ್ಲಾ ಸೇರಿ 38,000 ರೂಪಾಯಿ.

ನಾನು ಕೆಲಸ ಮಾಡೋದು ಬೆಂಗಳೂರಿನಲ್ಲಿ, ಊರು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಟರ್ಬೊ ಪೆಟ್ರೋಲ್ ಕಾರು ತಗೊಂಡೆ. ಸುಮ್ಮನಿರಲಾರದೆ ಅದರ ಇಂಜಿನ್ ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ ಹಾಕಿಸಿದೆ. ಕಾರು ಹುಚ್ಚಿರುವವರು ಇದನ್ನು ‘ಸ್ಟೇಜ್ ಒನ್’ ಅಂತಾರೆ. ಪವರ್ ಜಾಸ್ತಿ ಆಯ್ತು, ಅದರ ಹಿಂದೆಯೇ ಭಯವೂ ಬಂತು. ಇಷ್ಟು ಪವರ್ ಎಳೆದರೆ ಇಂಜಿನ್ ಸುಟ್ಟುಹೋಗಲ್ವಾ? “ಕೂಲರ್ ಹಾಕಿಸಿಬಿಡಿ ಸರ್, ನೆಮ್ಮದಿ” ಅಂದರು ಗ್ಯಾರೇಜಿನವರು.

ಶನಿವಾರ ಊರಿಗೆ ಹೋಗಿ ಊಟಕ್ಕೆ ಕೂತಾಗ ಬಾಯಿ ಜಾರಿ ಹೇಳಿಬಿಟ್ಟೆ. ಅಮ್ಮ ಆಗಷ್ಟೇ ಹುಳದ ಮನೆಯಿಂದ ಬಂದಿದ್ದಳು. ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪು ಮೇಯುತ್ತಿದ್ದ ಸಮಯ. ಆ ಹಂತದಲ್ಲಿ ಅವಕ್ಕೆ 24ರಿಂದ 26 ಡಿಗ್ರಿ ಇದ್ದರೆ ಚೆನ್ನ. ಹೊರಗೆ ಉರಿಬಿಸಿಲು. ಕಿಟಕಿಗಳಿಗೆ ಒದ್ದೆ ಗೋಣಿತಟ್ಟು ಕಟ್ಟಿ, ಗಂಟೆಗೊಂದು ಸಲ ನೀರು ಚಿಮುಕಿಸಿ ಅವಳು ಸೋತಿದ್ದಳು.

“ಕಾರಿಗೆ ಕೂಲರ್ರು, ನನ್ನ ಹುಳದ ಮನೆಗೆ ಗೋಣಿತಟ್ಟು. ಆಗಲಿ ಬಿಡಪ್ಪ” ಅಂದಳು.

ನಾನೂ ಸುಮ್ಮನಿರಲಿಲ್ಲ. ನನ್ನ ದುಡಿಮೆ, ನನ್ನ ಕಾರು ಅಂತೆಲ್ಲ ಏನೇನೋ ಅಂದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಅಪ್ಪ ಬೈಯಲಿಲ್ಲ. ಕೈ ತೊಳೆದು ಬಂದು ಒಂದೇ ಪ್ರಶ್ನೆ ಕೇಳಿದರು: “ಈಗ ಆಯಿಲ್ ಎಷ್ಟು ಬಿಸಿ ಆಗ್ತಿದೆ?”

ನನಗೆ ಗೊತ್ತಿರಲಿಲ್ಲ.

“ನಿಮ್ಮಮ್ಮ ಗೋಡೆಗೆ ಥರ್ಮಾಮೀಟರ್ ನೇತು ಹಾಕವ್ಳೆ. ಅದನ್ನ ನೋಡಿ ಗೋಣಿಗೆ ನೀರು ಹಾಕ್ತಾಳೆ. ನೀನು ಜ್ವರ ಇದೆಯೋ ಇಲ್ವೋ ನೋಡ್ದೇನೇ ಔಷಧಿ ತರೋಕೆ ಹೊರಟಿದ್ದೀಯ.”

ಅಪ್ಪನಿಗೆ ಆಯಿಲ್ ಕೂಲರ್ ಹೊಸದಲ್ಲ. ರೇಷ್ಮೆಗೆ ಬರುವ ಮುಂಚೆ ಅವರು ಹನ್ನೊಂದು ವರ್ಷ ಬೋರ್ ಲಾರಿಯಲ್ಲಿ ದುಡಿದವರು. ನಮ್ಮ ಕಡೆ ಬೋರ್ ಅಂದರೆ ನಿಮಗೆ ಗೊತ್ತೇ ಇರುತ್ತೆ, ಸಾವಿರ ಅಡಿ ದಾಟಿದರೂ ಧೂಳೇ ಬರುತ್ತಿರುತ್ತೆ. ಆ ಲಾರಿಯ ಮೇಲಿನ ಕಂಪ್ರೆಸರ್ ಗಾಳಿಯನ್ನು ಒತ್ತುವಾಗ ಹುಟ್ಟುವ ಬಿಸಿಯನ್ನೆಲ್ಲ ಹೊರೋದು ಅದರೊಳಗಿನ ಆಯಿಲ್. ಆ ಆಯಿಲನ್ನು ತಣ್ಣಗೆ ಮಾಡೋಕೆ ಬಾಗಿಲಷ್ಟು ದೊಡ್ಡ ಕೂಲರ್ ಇರುತ್ತೆ. ಒಮ್ಮೆ ಗೌರಿಬಿದನೂರಿನ ಕಡೆ ರಾತ್ರಿಯಿಡೀ ಕೊರೆಯುವಾಗ ಕಲ್ಲಿನ ಪುಡಿ ಕೂತು ಆ ಕೂಲರ್ ಮುಚ್ಚಿಹೋಗಿತ್ತು. ಬಿಸಿ ಮಿತಿಮೀರಿದರೆ ಮಿಷಿನ್ ತಾನೇ ನಿಲ್ಲಬೇಕು. ಆದರೆ ಪದೇಪದೇ ನಿಲ್ಲುತ್ತೆ ಅಂತ ಯಾರೋ ಆ ಸ್ವಿಚ್ಚಿಗೆ ವೈರ್ ಸುತ್ತಿ ಬೈಪಾಸ್ ಮಾಡಿದ್ದರು. ಬೆಳಗಿನ ಜಾವಕ್ಕೆ ಕಂಪ್ರೆಸರ್ ಜಾಮ್ ಆಯ್ತು. ರಿಪೇರಿ ಖರ್ಚಿನಲ್ಲಿ ಅಪ್ಪನ ಮೂರು ತಿಂಗಳ ಸಂಬಳವೂ ಹೋಯ್ತು. ಇದನ್ನು ಅವರು ನನಗೆ ಹೇಳಿದ್ದು ಅವತ್ತೇ ಮೊದಲು.

“ಕೂಲರ್ ಬೇಡ ಅಂತಿಲ್ಲ ನಾನು. ಬೋರ್ ಲಾರಿ ರಾತ್ರಿಯೆಲ್ಲ ಪೂರ್ತಿ ದಮ್ಮು ಹಾಕ್ತದೆ. ನಿನ್ನ ಕಾರು ಎಷ್ಟು ಹೊತ್ತು ಹಾಕ್ತದೆ, ಅದನ್ನ ನೋಡು.”

ಬೆಂಗಳೂರಿಗೆ ವಾಪಸ್ ಬಂದು, ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಒಂದು ಸಣ್ಣ ಬ್ಲೂಟೂತ್ ಡಬ್ಬಿ ತರಿಸಿದೆ. 1,500 ರೂಪಾಯಿ. ನನ್ನ ಕಾರಿನಲ್ಲಿ ಆಯಿಲ್ ಸೆನ್ಸರ್ ಇರೋದರಿಂದ ಬಿಸಿ ಎಷ್ಟು ಅಂತ ಫೋನಿನಲ್ಲೇ ಕಾಣುತ್ತೆ. ಎಲ್ಲ ಕಾರುಗಳಲ್ಲೂ ಈ ಸೆನ್ಸರ್ ಇರಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಮುಳ್ಳು ಕೂಲಂಟಿನದು, ಅದನ್ನು ನೋಡಿ ಮೋಸ ಹೋಗಬೇಡಿ. ಕೂಲಂಟ್ 90ರಲ್ಲಿ ಆರಾಮಾಗಿ ನಿಂತಿದ್ದರೂ ಆಯಿಲ್ ಎಲ್ಲಿಗೋ ಹೋಗಿರಬಹುದು.

ಆಯಿಲ್ ಬರೀ ಜಿಡ್ಡಿಗೆ ಅಂತ ನಾನು ಅಂದುಕೊಂಡಿದ್ದೆ. ಪಿಸ್ಟನ್ ಅಡಿಭಾಗ, ಬೇರಿಂಗು, ಟರ್ಬೊದ ಶಾಫ್ಟು, ಇಲ್ಲೆಲ್ಲ ಬಿಸಿಯನ್ನು ಹೊತ್ತು ಹೊರಗೆ ಹಾಕೋದೂ ಅದೇ. ಓಡುವ ಇಂಜಿನ್ನಿನಲ್ಲಿ ಅದು ಸುಮಾರು 90ರಿಂದ 110 ಡಿಗ್ರಿ ಇದ್ದರೆ ಸರಿ. ಅದಕ್ಕಿಂತ ಬಹಳ ಮೇಲೆ ಹೋದಂತೆ ತೆಳ್ಳಗಾಗುತ್ತಾ, ಪ್ರೆಷರ್ ಕಳೆದುಕೊಳ್ಳುತ್ತೆ. ಬೇರಿಂಗಿಗೂ ಶಾಫ್ಟಿಗೂ ನಡುವೆ ಇರಬೇಕಾದ ಪದರ ಹರಿದರೆ ಲೋಹಕ್ಕೆ ಲೋಹ ತಾಗುತ್ತೆ. ಅಲ್ಲಿಗೆ ಕತೆ ಮುಗೀತು.

ಮೊದಲು ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ, ದಿನನಿತ್ಯದ ಓಟ: 96. ಮಧ್ಯಾಹ್ನದ ಬಿಸಿಲಲ್ಲಿ ಎ.ಸಿ. ಹಾಕಿಕೊಂಡು ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ: 103. ಆಮೇಲೆ ಎಲ್ಲರ ಪರೀಕ್ಷಾ ಕೊಠಡಿ, ನಂದಿ ಬೆಟ್ಟ. 4,851 ಅಡಿ ಎತ್ತರ, ತಿರುವಿನ ಮೇಲೆ ತಿರುವು. ವಾರದ ದಿನ ಬೆಳಿಗ್ಗೆ ಎರಡನೇ, ಮೂರನೇ ಗೇರಿನಲ್ಲಿ ಹತ್ತಿಸಿದೆ. ಮೇಲೆ ತಲುಪಿದಾಗ 111. ಇಳಿಯುವಾಗ ಅರ್ಧ ದಾರಿಗೆ 98.

ನಿಜ ಹೇಳಬೇಕಂದ್ರೆ ನನಗೆ ಸ್ವಲ್ಪ ನಿರಾಸೆಯೇ ಆಯ್ತು. ನನ್ನ ಕಾರು ಅಷ್ಟೇನೂ ಕಷ್ಟ ಪಡ್ತಿಲ್ವಲ್ಲ ಅಂತ! ಆದರೆ ರಸ್ತೆಯಲ್ಲಿ ಕಷ್ಟ ಕೊಡೋದಾದರೂ ಹೇಗೆ? ನೇರ ಸಿಕ್ಕರೆ ಹತ್ತು ಸೆಕೆಂಡು ಪೂರ್ತಿ ಒತ್ತಬಹುದು, ಅಷ್ಟರಲ್ಲಿ ತಿರುವೋ, ಟೊಮ್ಯಾಟೊ ಟೆಂಪೊನೋ, ದನವೋ ಅಡ್ಡ ಬರುತ್ತೆ. ಅಪ್ಪ ಕೇಳಿದ್ದು ಇದನ್ನೇ. ಇಂಜಿನ್ನಿಗೆ ಎಷ್ಟು ಪವರ್ ಇದೆ ಅನ್ನೋದಕ್ಕಿಂತ, ಆ ಪವರನ್ನು ಎಷ್ಟು ಹೊತ್ತು ಬಿಡದೆ ಎಳೀತೀವಿ ಅನ್ನೋದು ಆಯಿಲನ್ನು ಕಾಯಿಸುತ್ತೆ.

ಇನ್ನೊಂದು ವಿಷಯ ಆಮೇಲೆ ತಿಳೀತು. ನನ್ನ ಕಾರಿನಲ್ಲಿ ಕಂಪನಿಯವರೇ ಒಂದು ಆಯಿಲ್ ಕೂಲರ್ ಇಟ್ಟಿದ್ದಾರೆ! ಆಯಿಲ್ ಫಿಲ್ಟರ್ ಪಕ್ಕದಲ್ಲಿ ಮುಷ್ಟಿ ಗಾತ್ರದ ಪದರಪದರದ ಡಬ್ಬಿ. ಒಂದು ಪದರದಲ್ಲಿ ಆಯಿಲ್, ಪಕ್ಕದ ಪದರದಲ್ಲಿ ಕೂಲಂಟ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬೇಗ ಕಾಯುವ ಕೂಲಂಟ್ ಆಯಿಲನ್ನು ಬೆಚ್ಚಗೆ ಮಾಡುತ್ತೆ, ಆಮೇಲೆ ಅದರ ಬಿಸಿಯನ್ನು ತಾನೇ ಎಳೆದುಕೊಳ್ಳುತ್ತೆ. ಈಗಿನ ಎಷ್ಟೋ ಟರ್ಬೊ ಕಾರುಗಳಲ್ಲಿ ಇದಿದೆ. ಪಲ್ಸರ್ 220, ಹಿಮಾಲಯನ್ 411 ಇಟ್ಟುಕೊಂಡವರಿಗೆ ತಮ್ಮ ಬೈಕಿನ ಮುಂದಿರುವ ಆಯಿಲ್ ಕೂಲರ್ ಗೊತ್ತಿರುತ್ತೆ. ಅವುಗಳ ಕತೆ ಬೇರೆ. ಅಲ್ಲಿ ಕೂಲಂಟೇ ಇಲ್ಲ, ಗಾಳಿ ಬಿಟ್ಟರೆ ಆಯಿಲೇ ಗತಿ.

ಜಾಸ್ತಿ ತಣ್ಣಗಾದರೆ ಏನು ನಷ್ಟ ಅಂತೀರಾ? ಚಿಂತಾಮಣಿಯ ನನ್ನ ಗೆಳೆಯನನ್ನು ಕೇಳಬೇಕು. ಅವನು ಕಾರಿನ ಬಂಪರ್ ಹಿಂದೆ ದೊಡ್ಡ ಕೂಲರ್ ಹಾಕಿಸಿದ್ದ. ಥರ್ಮೋಸ್ಟಾಟ್ ಇರುವ ಪ್ಲೇಟಿಗೆ ಇನ್ನೊಂದಷ್ಟು ದುಡ್ಡು ಅಂತ ಅದನ್ನು ಬಿಟ್ಟ. ಜನವರಿಯ ಮಂಜಿನಲ್ಲಿ ನಂದಿ ಕಡೆ ಬಂದರೆ ಅವನ ಆಯಿಲ್ 70 ದಾಟುತ್ತಿರಲಿಲ್ಲ. ಇಂಜಿನ್ನಿನೊಳಗೆ ಸೇರುವ ನೀರಿನ ಪಸೆ, ಪೆಟ್ರೋಲಿನ ಅಂಶ ಆವಿಯಾಗಿ ಹೋಗಬೇಕಾದರೆ ಆಯಿಲ್ ಚೆನ್ನಾಗಿ ಕಾಯಬೇಕು. ಕಾಯದೆ ಅವನ ಆಯಿಲ್ ಮುಚ್ಚಳದ ಅಡಿ ಮಜ್ಜಿಗೆಯಂಥ ಲೋಳೆ ಕಟ್ಟಿತ್ತು. ಮುಂದಿನ ಬೇಸಿಗೆಗೆ ಹೋಸ್ ಪೈಪ್ ಚಾಸಿಗೆ ಉಜ್ಜಿ ಉಜ್ಜಿ ತೂತಾಯ್ತು. ಹೈವೇಯಲ್ಲಿ ಕೆಂಪು ದೀಪ ಹತ್ತಿದ ಕೂಡಲೇ ಇಂಜಿನ್ ಆಫ್ ಮಾಡಿದ್ದರಿಂದ ಬದುಕಿದ. ಇಂಜಿನ್ ಕಾಪಾಡಲು ಹಾಕಿದ್ದೇ ಇಂಜಿನ್ ತೆಗೆಯುವುದರಲ್ಲಿತ್ತು.

ಥರ್ಮೋಸ್ಟಾಟ್ ಅಂದರೆ ಒಂದು ಬಾಗಿಲು ಅಷ್ಟೇ. ಆಯಿಲ್ ಸುಮಾರು 80–90 ಡಿಗ್ರಿ ಮುಟ್ಟುವವರೆಗೆ ಕೂಲರ್ ಕಡೆಗೆ ದಾರಿ ಬಿಡಲ್ಲ, ಮುಟ್ಟಿದಾಗ ತಾನೇ ತೆರೆಯುತ್ತೆ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಹಾಕಿಸಿದ ಗೇಟುಗಳು ನೆನಪಾದವು. ನೀರು ಮಟ್ಟ ಮೀರಿದರೆ ತಾವೇ ತೆರೆದು, ಇಳಿದರೆ ತಾವೇ ಮುಚ್ಚುವ ಗೇಟುಗಳು. ಅಂಥದ್ದೇ ಉಪಾಯ, ಇಲ್ಲಿ ನೀರಿನ ಬದಲು ಬಿಸಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸೆಪ್ಟೆಂಬರಿನಲ್ಲಿ ಗೆಳೆಯರ ಜೊತೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೋದೆ. ದುಡ್ಡು ಕಟ್ಟಿದರೆ ನಮ್ಮ ಕಾರನ್ನೇ ಓಡಿಸಬಹುದಾದ ದಿನ. ಸುಮಾರು 3.7 ಕಿಲೋಮೀಟರಿನ ಸುತ್ತು, ಎದುರಿಗೆ ಬರೋರಿಲ್ಲ, ದನವಿಲ್ಲ. ಎರಡನೇ ಸುತ್ತಿಗೆ ಆಯಿಲ್ 115. ನಾಲ್ಕನೆಯದಕ್ಕೆ 128. ಐದನೇ ಸುತ್ತಿನ ಮಧ್ಯೆ 134 ಕಂಡಾಗ ಎದೆ ಝಲ್ ಅಂತು. ಬೋರ್ ಲಾರಿ ನೆನಪಾಯ್ತು. ಮುಂದಿನ ಗೇರಿಗೆ ಹಾಕಿ, ಕಾಲು ತೆಗೆದು ಮೆಲ್ಲಗೆ ಒಂದು ಸುತ್ತು ಬಂದೆ. ಇಳಿಯಿತು.

ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ದಾಟಿ ನೇರ ಮನೆಗೇ ಬಂದೆ. ಅಪ್ಪನಿಗೆ ಫೋನಿನಲ್ಲಿ ಎರಡೂ ಗೆರೆ ತೋರಿಸಿದೆ, ನಂದಿಯದು ಮತ್ತು ಟ್ರ್ಯಾಕಿನದು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಇದು ಬೋರ್ ಹೊಡೆಯೋ ಕೆಲಸ” ಅಂದರು ಎರಡನೆಯದಕ್ಕೆ. “ಇಲ್ಲಿಗೆ ಎಷ್ಟು ಸಲ ಹೋಗ್ತೀಯ?”

“ವರ್ಷಕ್ಕೊಂದು ಸಲ.”

“ತಿಂಗಳಿಗೊಂದ್ಸಲ ಆದ್ರೆ ಹಾಕ್ಸು, ಬಾಗಿಲಿರೋದನ್ನೇ ಹಾಕ್ಸು. ವರ್ಷಕ್ಕೊಂದ್ಸಲ ಅಂದ್ರೆ ಮೂರು ಸುತ್ತು ಜೋರಾಗಿ ಹೊಡಿ, ಒಂದು ಸುತ್ತು ಮೆಲ್ಲಗೆ ಬಾ. ವಾಪಸ್ ಬಂದ್ಮೇಲೆ ಆಯಿಲ್ ಬದಲಾಯ್ಸು.”

ಹಾಗೇ ಮಾಡ್ತಿದ್ದೀನಿ. ಒಳ್ಳೆ ಸಿಂಥೆಟಿಕ್ ಆಯಿಲ್ ಹಾಕಿಸಿ, ಕಂಪನಿ ಹೇಳಿದ್ದರ ಅರ್ಧ ಕಿಲೋಮೀಟರಿಗೇ ಬದಲಿಸ್ತೀನಿ. ಕೂಲರ್ ಕೊಟೇಶನ್ ಇನ್ನೂ ಫೋನಿನಲ್ಲಿದೆ, ಅಳಿಸಿಲ್ಲ. ಆಸೆ ಪೂರ್ತಿ ಹೋಗಿಲ್ಲ ನೋಡಿ.

ಆ ದುಡ್ಡಿನಲ್ಲಿ 17,000 ತೆಗೆದು ಈ ಫೆಬ್ರವರಿಯಲ್ಲಿ ಹುಳದ ಮನೆಗೆ ಎರಡು ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಶೀಟಿನ ಮೇಲೆ ನೀರು ತೊಟ್ಟಿಕ್ಕುವ ಪೈಪ್ ಎಳೆಸಿದೆ. ಮೊದಲ ದಿನ ಮಧ್ಯಾಹ್ನ ಅಮ್ಮ ಫೋನ್ ಮಾಡಿ, “30 ಇದ್ದಿದ್ದು 27ಕ್ಕೆ ಬಂದದೆ” ಅಂದಳು. ನಾನು ಜಗಳದ ದಿನದ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ.

ಗೋಣಿತಟ್ಟು ಮಾತ್ರ ಅವಳು ಬಿಚ್ಚಿಲ್ಲ. ಕರೆಂಟ್ ಹೋದಾಗ ಬೇಕಲ್ಲ ಅಂತಾಳೆ.