ಕಾಜ್ಬೆಕ್‌ನ ದಾರಿ, ನೀನೋಳ ಶಿಲುಬೆ

ಟಿಬಿಲಿಸಿಯ ದಿದುಬೆ ನಿಲ್ದಾಣದಲ್ಲಿ ಬಸ್ಸಿನ ವೇಳಾಪಟ್ಟಿ ಹುಡುಕುತ್ತಾ ಕೂರಬಾರದು. ಮಾರ್ಶ್ರೂತ್ಕಾ ಎನ್ನುವ ಮಿನಿಬಸ್ಸುಗಳು ಸೀಟು ತುಂಬಿದಾಗ ಹೊರಡುತ್ತವೆ. ಅಲ್ಲಿಯವರೆಗೆ ಡ್ರೈವರ್ ಬಾಗಿಲಿಗೆ ಒರಗಿ ಸಿಗರೇಟು ಸೇದುತ್ತಿರುತ್ತಾನೆ. ಗಾಜಿನ ಹಿಂದಿನ ಬೋರ್ಡಿನ ಅಕ್ಷರಗಳೋ ದುಂಡುದುಂಡಾಗಿ, ದೂರದಿಂದ ಥೇಟ್ ಕನ್ನಡದಂತೆ. ಹತ್ತಿರ ಹೋದರೆ ಒಂದೂ ಓದಲು ಬಾರದು. ಬೆನ್ನಿಗೆ ಚೀಲ ಏರಿಸಿಕೊಂಡು ‘ಮ್ತ್ಸ್‌ಖೆತಾ, ಮ್ತ್ಸ್‌ಖೆತಾ’ ಎಂದು ನಮ್ಮ ಯಜಮಾನರು ಕೂಗಿದ್ದನ್ನು ಕೇಳಿ ಒಬ್ಬ ಅಜ್ಜಿ ನಕ್ಕು, ತೋಳು ಹಿಡಿದು ಸರಿಯಾದ ಬಸ್ಸಿಗೆ ಹತ್ತಿಸಿದರು.

ಮ್ತ್ಸ್‌ಖೆತಾ ಜಾರ್ಜಿಯಾದ ಹಳೆಯ ರಾಜಧಾನಿ, ಟಿಬಿಲಿಸಿಯಿಂದ ಸುಮಾರು 20 ಕಿಲೋಮೀಟರ್. ನಾಲ್ಕನೆಯ ಶತಮಾನದಲ್ಲಿ ದೊರೆ ಮಿರಿಯನ್ ಕ್ರೈಸ್ತ ಧರ್ಮ ಸ್ವೀಕರಿಸಿದ್ದು ಇಲ್ಲೇ, ಸಂತ ನೀನೋ ಎಂಬ ಹೆಣ್ಣುಮಗಳ ಪ್ರಭಾವದಿಂದ. ದ್ರಾಕ್ಷಿ ಬಳ್ಳಿಯ ಎರಡು ತುಂಡುಗಳನ್ನು ತನ್ನ ಕೂದಲಿನಿಂದಲೇ ಕಟ್ಟಿ ಆಕೆ ಶಿಲುಬೆ ಮಾಡಿಕೊಂಡಿದ್ದಳಂತೆ. ಆ ಶಿಲುಬೆ ಮುಂದೆ ನಮ್ಮ ದಾರಿಯುದ್ದಕ್ಕೂ ಎದುರಾಯಿತು.

ಊರ ನಡುವಿನ ಸ್ವೆತಿತ್ಸ್‌ಖೋವೆಲಿ ಕೆಥೆಡ್ರಲ್ 1029ರಲ್ಲಿ ಕಟ್ಟಿ ಮುಗಿದದ್ದು. ಪ್ರವಾಸಿಗಳು ಒಳಗಿನ ಚಿತ್ರಗಳಿಗೆ ಮುಗಿಬಿದ್ದಿದ್ದರು. ನಾವು ಉತ್ತರದ ಗೋಡೆಯ ಹೊರಗೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತೆವು. ಅಷ್ಟೆತ್ತರದಲ್ಲಿ ಕಲ್ಲಿನಲ್ಲಿ ಕಡೆದ ಒಂದು ಕೈ, ಆ ಕೈಯಲ್ಲಿ ಮೂಲೆಮಟ್ಟ. ಇದು ದೇವರ ದಾಸ ಅರ್ಸುಕಿಡ್ಜೆಯ ಕೈ ಎಂದು ಪಕ್ಕದಲ್ಲೇ ಬರೆದಿದೆ. ಇದನ್ನು ಕಟ್ಟಿದ ಶಿಷ್ಯನ ಹೆಸರು ತನ್ನನ್ನು ಮೀರಿಸೀತೆಂದು ಗುರುವೇ ಹೊಟ್ಟೆಕಿಚ್ಚಿನಿಂದ ಆ ಕೈ ಕಡಿಸಿದ ಎನ್ನುತ್ತದೆ ಜನರ ಕತೆ. ನನಗೇನೋ ನಂಬಿಕೆ ಬರಲಿಲ್ಲ. ಒಬ್ಬ ಶಿಲ್ಪಿ ಹೆಮ್ಮೆಯಿಂದ ತನ್ನ ಉಪಕರಣದ ಸಮೇತ ಹಾಕಿದ ರುಜುವಿನ ಹಾಗೆಯೇ ಕಂಡಿತು.

ಎದುರಿನ ಗುಡ್ಡದ ಮೇಲೆ ಜ್ವರಿ ಮಠ. ಅಲ್ಲಿ ನಿಂತರೆ ಗಾಳಿ ದುಪಟ್ಟಾ ಎಳೆದುಕೊಂಡೇ ಹೋಗುತ್ತದೆ. ಕೆಳಗೆ ಅರಗ್ವಿ ನದಿ ಮ್ತ್‌ಕ್ವಾರಿಯನ್ನು ಸೇರುತ್ತದೆ. ಎರಡು ನೀರಿನ ಬಣ್ಣ ಬೇರೆ ಬೇರೆ, ತುಸು ದೂರ ಬೆರೆಯದೆ ಜೊತೆಜೊತೆಗೆ ಹರಿಯುತ್ತವೆ.

ಉತ್ತರಕ್ಕೆ ಹೋಗಲು ಶೇರ್ ಟ್ಯಾಕ್ಸಿ ಹಿಡಿದೆವು. ನೋಡುವ ಜಾಗಗಳಲ್ಲಿ ನಿಲ್ಲಿಸಿಕೊಂಡು ಹೋಗುತ್ತಾರೆಂಬ ಆಸೆಗೆ. ಅನಾನುರಿ ಕೋಟೆಯಲ್ಲಿ ಒಂದು ಸುತ್ತು, ಮತ್ತೆ ದಾರಿ. ಇದರ ಹೆಸರೇ ಜಾರ್ಜಿಯನ್ ಮಿಲಿಟರಿ ಹೈವೇ. ಟಿಬಿಲಿಸಿಯಿಂದ ಕಾಕಸಸ್ ದಾಟಿ ರಷ್ಯಾದ ವ್ಲಾದಿಕಾವ್‌ಕಾಜ್‌ವರೆಗೆ ಸುಮಾರು 210 ಕಿಲೋಮೀಟರ್. ಹಳೆಯ ವ್ಯಾಪಾರದ ಹಾದಿಯನ್ನು ರಷ್ಯನ್ ಸೇನೆ ಅಗಲಿಸಿ ರಸ್ತೆ ಮಾಡಿತು. ಈಗ ಸೇನೆಯ ಜಾಗದಲ್ಲಿ ಲಾರಿಗಳಿವೆ. ಅರ್ಮೇನಿಯಾದ ಸರಕೂ ರಷ್ಯಾ ಸೇರುವುದು ಇದೇ ದಾರಿಯಲ್ಲಿ. ಲಾರ್ಸಿ ಗಡಿ ತೆರೆಯುವುದನ್ನು ಕಾಯುತ್ತಾ ಲಾರಿಗಳು ರಸ್ತೆಯಂಚಿಗೆ ಸಾಲಾಗಿ ನಿಂತಿದ್ದವು. ಚಾಲಕನೊಬ್ಬ ಚಕ್ರದ ಪಕ್ಕ ಗ್ಯಾಸ್ ಒಲೆ ಹಚ್ಚಿ ಮೊಟ್ಟೆ ಹುರಿಯುತ್ತಿದ್ದ.

ಗುಡೌರಿ ದಾಟಿದ ಮೇಲೆ ಪ್ರಪಾತದ ಅಂಚಿನಲ್ಲಿ ಅರ್ಧ ವೃತ್ತಾಕಾರದ ದೊಡ್ಡ ಸ್ಮಾರಕ, ಒಳಗೋಡೆಯ ತುಂಬ ಬಣ್ಣಬಣ್ಣದ ಚಿತ್ರಗಳು. ಜಾರ್ಜಿಯಾಕ್ಕೆ ರಷ್ಯಾ ರಕ್ಷಣೆ ಕೊಡುತ್ತೇನೆಂದ 1783ರ ಗಿಯಾರ್ಗಿಯೆವ್‌ಸ್ಕ್ ಒಪ್ಪಂದಕ್ಕೆ ಇನ್ನೂರು ತುಂಬಿದಾಗ, 1983ರಲ್ಲಿ ಕಟ್ಟಿದ್ದು. ಹೆಸರು ಸ್ನೇಹದ್ದು. ಒಪ್ಪಂದವಾಗಿ ಇಪ್ಪತ್ತು ವರ್ಷ ಕಳೆಯುವ ಮೊದಲೇ, 1801ರಲ್ಲಿ, ರಕ್ಷಕನೇ ರಾಜ್ಯವನ್ನು ನುಂಗಿದ್ದ. 2008ರಲ್ಲಿ ಅದೇ ರಷ್ಯಾದೊಡನೆ ಯುದ್ಧ. ನಮ್ಮ ಡ್ರೈವರ್ ಕಾರು ನಿಲ್ಲಿಸಿ, ‘ವ್ಯೂ ಚೆನ್ನಾಗಿದೆ’ ಎಂದಷ್ಟೇ ಹೇಳಿದ. ವ್ಯೂ ನಿಜಕ್ಕೂ ಚೆನ್ನಾಗಿತ್ತು. ಅಲ್ಲಿಂದ ಜ್ವರಿ ಪಾಸ್, ಸುಮಾರು 2,400 ಮೀಟರ್ ಎತ್ತರ. ಖನಿಜದ ನೀರು ಹರಿದೂ ಹರಿದೂ ಒಂದು ಇಳಿಜಾರು ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿದೆ.

ಸ್ತೆಪಾಂತ್ಸ್‌ಮಿಂದಾ ಎಂಬ ಊರಿನಲ್ಲಿ ರಾತ್ರಿ ತಂಗಿದ ಮನೆಯಲ್ಲಿ ಮಾಂಸ ತಿನ್ನುವುದಿಲ್ಲವೆಂದಾಗ ಮನೆಯೊಡತಿಯ ಮುಖ ಬಾಡಿತು. ಆದರೂ ಅಣಬೆ ತುಂಬಿದ ಖಿಂಕಾಲಿ ತಂದಿಟ್ಟರು. ನೆರಿಗೆ ನೆರಿಗೆಯಾಗಿ ಮಡಚಿ ಬೇಯಿಸಿದ ಕಡುಬು. ತುದಿಯ ಗಂಟು ಹಿಡಿದು ತಲೆಕೆಳಗು ಮಾಡಿ, ಮೊದಲು ಒಳಗಿನ ರಸ ಹೀರಬೇಕು. ಗಂಟನ್ನು ತಿನ್ನುವಂತಿಲ್ಲ, ತಟ್ಟೆಯಂಚಿಗೆ ಇಡಬೇಕು. ಇವರು ಎಲ್ಲ ಗಂಟನ್ನೂ ನುಂಗಿ ಕೂತಿದ್ದರು.

ಬೆಳಿಗ್ಗೆ ಮೋಡ ಕಟ್ಟುವ ಮುನ್ನ ಬೆಟ್ಟದ ಮೇಲಿನ ಗೆರ್ಗೆತಿ ಚರ್ಚಿಗೆ ಹೊರಟೆವು. ಮೇಲಿನವರೆಗೆ ಡಾಂಬರು ರಸ್ತೆಯಿದೆ, ವ್ಯಾನು ಹೋಗುತ್ತದೆ. ನಾವು ಕಾಲುದಾರಿ ಹಿಡಿದೆವು. 2,170 ಮೀಟರ್ ಎತ್ತರದಲ್ಲಿ ಹದಿನಾಲ್ಕನೆಯ ಶತಮಾನದ ಚರ್ಚು, ಪಕ್ಕದಲ್ಲೊಂದು ಗಂಟೆಗೋಪುರ, ಹಿಂದೆ 5,000 ಮೀಟರಿಗೂ ಮಿಕ್ಕಿದ ಕಾಜ್ಬೆಕ್ ಶಿಖರ. ಬಾಗಿಲ ಬುಟ್ಟಿಯಲ್ಲಿದ್ದ ಬಟ್ಟೆಯನ್ನು ಪ್ಯಾಂಟಿನ ಮೇಲೆ ಸುತ್ತಿಕೊಂಡು, ತಲೆಗೆ ದುಪಟ್ಟಾ ಹೊದ್ದು ಒಳಗೆ ಹೋದೆ. ಕತ್ತಲೆ, ಮೇಣದ ವಾಸನೆ. ಕೆಳಗೆ ಶತ್ರುಗಳ ದಾಳಿಯಾದಾಗಲೆಲ್ಲ ಮ್ತ್ಸ್‌ಖೆತಾದ ಸಂಪತ್ತನ್ನು, ನೀನೋಳ ಶಿಲುಬೆಯನ್ನೂ ಸೇರಿಸಿ, ಹೊತ್ತು ತಂದು ಕಾಪಾಡಿದ್ದು ಇಷ್ಟು ಸಣ್ಣ ಜಾಗದಲ್ಲಿ. ಏದುಸಿರು ಬಿಡುತ್ತಾ ಅದೇ ಬೆಟ್ಟ ಹತ್ತಿ ಬಂದಿದ್ದರಿಂದ, ಇಲ್ಲಿಗೇ ಏಕೆ ತಂದರೆಂದು ಪುಸ್ತಕ ನೋಡಿ ತಿಳಿಯಬೇಕಾಗಿರಲಿಲ್ಲ.

ಆ ಶಿಲುಬೆ ಈಗ ಟಿಬಿಲಿಸಿಯ ಸಿಯೋನಿ ಕೆಥೆಡ್ರಲ್‌ನಲ್ಲಿದೆ. ಟಿಬಿಲಿಸಿಗೆ ಮರಳಿದ ಮೇಲೆ ಗಂಧಕದ ಬಿಸಿನೀರಿನ ಸ್ನಾನಗೃಹದಲ್ಲಿ ಮೈಕೈ ನೋವು ಕಳೆದು, ಸಂಜೆ ಅಲ್ಲಿಗೆ ಹೋದೆವು. ಭಾರತದವರು ಎಂದು ಗೊತ್ತಾದ ಕೂಡಲೇ ಪಕ್ಕದಲ್ಲಿದ್ದ ಹೆಂಗಸು ಎದೆಯ ಮೇಲೆ ಕೈಯಿಟ್ಟು ‘ಕೆತೆವಾನ್, ಗೋವಾ’ ಎಂದರು. ಜಾರ್ಜಿಯಾದ ರಾಣಿ ಕೆತೆವಾನ್ ಮತಾಂತರಕ್ಕೆ ಒಪ್ಪಲಿಲ್ಲವೆಂದು ಪರ್ಷಿಯಾದ ಷಾ ಅಬ್ಬಾಸ್ 1624ರಲ್ಲಿ ಶಿರಾಜಿನಲ್ಲಿ ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ. ಅಗಸ್ಟೀನಿಯನ್ ಪಾದ್ರಿಗಳು ಅವಳ ಅಸ್ಥಿಯ ಒಂದು ಭಾಗವನ್ನು ಗೋವಾಕ್ಕೆ ತಂದಿದ್ದರು. ಹಳೆ ಗೋವಾದ ಸಂತ ಅಗಸ್ಟೀನ್ ಚರ್ಚಿನ ಅವಶೇಷಗಳಲ್ಲಿ ಅದನ್ನು ಪುರಾತತ್ವ ಇಲಾಖೆ ಅಗೆದು ತೆಗೆಯಿತು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಡಿಎನ್‌ಎ ಪರೀಕ್ಷೆ ಮಾಡಿತು. 2021ರಲ್ಲಿ ಭಾರತ ಅದರ ಒಂದು ಪಾಲನ್ನು ಜಾರ್ಜಿಯಾಕ್ಕೆ ಕಾಣಿಕೆಯಾಗಿ ಕೊಟ್ಟಿತು.

ಹೊರಗೆ ಬಂದಮೇಲೆ, ‘ಗೋವಾದ ಆ ಮುರಿದ ಗೋಪುರದ ಹತ್ತಿರ ನಾವು ಹೋಗಿದ್ವಲ್ಲ ಕಣೇ?’ ಎಂದು ಇವರು ಫೋನಿನಲ್ಲಿ ಹಳೆಯ ಫೋಟೊ ಹುಡುಕತೊಡಗಿದರು. ಸಿಕ್ಕಿತು. ಗೋಪುರ ಅರ್ಧಕ್ಕೇ ಕತ್ತರಿಸಿಹೋಗಿದೆ. ಮುಂದೆ ನಿಂತ ನಾನು ಎಳನೀರು ಕುಡಿಯುತ್ತಿದ್ದೇನೆ.