ತಾತನ ಗಾಂಧಾರ

ಮೊದಲೇ ಹೇಳಿಬಿಡ್ತೀವಿ, ಇದು ಮಿನಿ ಪ್ರಾಜೆಕ್ಟ್ ಅಲ್ಲ. ಇದರಿಂದ ಒಂದು ಮಾರ್ಕೂ ಬಂದಿಲ್ಲ, ಬಂದಿದ್ದು ಅಟೆಂಡೆನ್ಸ್ ಶಾರ್ಟೇಜ್ ಮಾತ್ರ. ನಾವು ಮೂವರು ರೂಮ್‌ಮೇಟ್‌ಗಳು. ಒಬ್ಬ ಗುಬ್ಬಿಯವನು, ಒಬ್ಬ ಕುಣಿಗಲ್‌ನವನು, ಇನ್ನೊಬ್ಬನ ಮನೆ ತುಮಕೂರಲ್ಲೇ ಇದ್ರೂ ನಮ್ಮ ರೂಮಲ್ಲೇ ಬಿದ್ದಿರ್ತಾನೆ. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಈ ಲೇಖನದ ಮೊದಲ ಡ್ರಾಫ್ಟ್ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿದ್ದು. ಒತ್ತಕ್ಷರ ತಪ್ಪಿದ್ರೆ ಸಂಪಾದಕರನ್ನ ಬೈಯಿರಿ, ನಮ್ಮನ್ನಲ್ಲ.

ಶುರುವಾಗಿದ್ದು ಗುಬ್ಬಿಯವನ ತಾತನಿಂದ. ತಾತ ಅವರ ಹಳ್ಳಿ ಕಡೆ ಡ್ರಾಮಾ ಮೇಷ್ಟ್ರು. ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ, ಹೊರಗಿಂದ ಬಂದವರಿಗಾಗಿ ಹೇಳ್ತೀವಿ: ಇಲ್ಲಿ ಹಬ್ಬ, ಜಾತ್ರೆ ಬಂತು ಅಂದ್ರೆ ಊರವರೇ ಬಣ್ಣ ಹಚ್ಚಿಕೊಂಡು ಬೆಳಗಿನ ಜಾವದವರೆಗೆ ಕುರುಕ್ಷೇತ್ರ ಆಡ್ತಾರೆ. ಪಾತ್ರ ಬೇಕಾದವರು ತಾವೇ ದುಡ್ಡು ಹಾಕ್ತಾರೆ. ತಿಂಗಳುಗಟ್ಟಲೆ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಮಾತು, ಹಾಡು, ಕಂದಪದ್ಯ ಎಲ್ಲ ಬಾಯಿಪಾಠ ಮಾಡಿಸ್ತಾರೆ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ಕಂಪನಿ ಗೊತ್ತಲ್ಲ, ಗುಬ್ಬಿ ವೀರಣ್ಣನವರದ್ದು? ರಾಜಕುಮಾರ್ ಕೂಡ ಅಲ್ಲಿ ಪಾತ್ರ ಮಾಡಿದವರೇ. ತಾತ ಆ ಕಂಪನಿ ಸೇರಿದವರಲ್ಲ. ಅಲ್ಲಿ ಇದ್ದು ಬಂದ ಒಬ್ಬರ ಹತ್ತಿರ ಹಾರ್ಮೋನಿಯಂ ಕಲಿತವರು.

ಈಗ ಅವರಿಗೆ ಎಪ್ಪತ್ತಾರು. ನಾಟಕದ ಹಾರ್ಮೋನಿಯಂ ಅಂದ್ರೆ ಕಾಲಲ್ಲಿ ತಿದಿ ಒತ್ತಿ ನುಡಿಸೋದು. ಎರಡೂ ಮಂಡಿ ಹೋಗಿವೆ. ಹೋದ ವರ್ಷ ಒಂದು ಊರಿನವರು ಮೂರು ತಿಂಗಳು ಅವರಿಂದ ಕಲಿತು, ನಾಟಕದ ರಾತ್ರಿ ಮಾತ್ರ ಬೇರೆ ಕಡೆಯಿಂದ ಕೀಬೋರ್ಡ್ ಹುಡುಗನನ್ನ ಕರೆಸಿದ್ರು. ತಾತ ಮನೇಲೇ ಉಳಿದ್ರು. ಅದಾದ ಮೇಲೆ ಹಾರ್ಮೋನಿಯಂಗೆ ಹೊದಿಸಿದ ಬಟ್ಟೆ ತೆಗೆದಿಲ್ಲ ಅಂತ ಗುಬ್ಬಿಯವನು ಒಂದು ರಾತ್ರಿ ಹೇಳಿದ. ಅವನು ಸಾಮಾನ್ಯವಾಗಿ ಮನೆ ವಿಷಯ ಎತ್ತೋನಲ್ಲ.

"ತಾತಂಗೂ ಒಂದು ಕೀಬೋರ್ಡ್ ಕೊಡ್ಸಿದ್ರಾಯ್ತು" ಅಂತ ನಾವಂದ್ವಿ. ತುಮಕೂರಿನವನ ಅಕ್ಕ ಕಲಿಯೋದು ಬಿಟ್ಟ ಕೀಬೋರ್ಡ್ ಒಂದಿತ್ತು. ಭಾನುವಾರ ಅದನ್ನ ಹೊತ್ಕೊಂಡು ಗುಬ್ಬಿ ಬಸ್ ಹತ್ತಿದ್ವಿ. ತಾತ ಷಡ್ಜ ಹಿಡಿದ್ರು, ಅದರ ಜೊತೆಗೇ ಗಾಂಧಾರ ಒತ್ತಿದ್ರು, ಕೈ ತೆಗೆದ್ರು.

"ಇದರ ಗಾಂಧಾರ ಸುಳ್ಳು ಹೇಳುತ್ತೆ ಕಣ್ರೋ."

ವಯಸ್ಸಾದವರ ಹಟ ಅಂದ್ಕೊಂಡ್ವಿ. ರೂಮಿಗೆ ಬಂದು ಲೆಕ್ಕ ಹಾಕಿದ್ರೆ ಸುಳ್ಳು ಹೇಳ್ತಿದ್ದಿದ್ದು ನಿಜಕ್ಕೂ ಕೀಬೋರ್ಡೇ. ಅದೊಂದೇ ಅಲ್ಲ, ಜಗತ್ತಿನ ಬಹುಪಾಲು ಕೀಬೋರ್ಡ್‌ಗಳು. ಒಂದು ಸ್ಥಾಯಿಯನ್ನ ಹನ್ನೆರಡು ಸಮ ಪಾಲು ಮಾಡಿರ್ತಾರೆ, ಒಂದು ಮನೆಯಿಂದ ಮುಂದಿನ ಮನೆಗೆ ಎಲ್ಲ ಕಡೆ ಒಂದೇ 1.0595 ಗುಣಾಕಾರ. ಕಿವಿ ಕೇಳೋದು ಬೇರೆ. ತಂಬೂರಿಯ ಮಂದ್ರ ತಂತಿ ಮೀಟಿ ಸುಮ್ಮನೆ ಕೂತ್ರೆ ಅದರೊಳಗಿಂದಲೇ ಅಂತರ ಗಾಂಧಾರ ಎದ್ದು ಬರುತ್ತೆ. ಅದು ಆ ತಂತಿಯ ಐದನೇ ಹಾರ್ಮೋನಿಕ್, ಎರಡು ಸ್ಥಾಯಿ ಕೆಳಗಿಳಿಸಿದ್ರೆ 5/4. ಸೆಂಟ್ಸ್ ಲೆಕ್ಕದಲ್ಲಿ 386.3. ಕೀಬೋರ್ಡಿನದು 400. ಸುಮಾರು 14 ಸೆಂಟ್ ಏರು. ಇಷ್ಟೇನಾ ಅನ್ನಬೇಡಿ. ಷಡ್ಜ 261.6 ಹರ್ಟ್ಸ್ ಇಟ್ಕೊಂಡು ಎರಡನ್ನೂ ಒಟ್ಟಿಗೆ ಹಿಡಿದ್ರೆ ಷಡ್ಜದ ಐದನೇ ಹಾರ್ಮೋನಿಕ್ಕೂ ಗಾಂಧಾರದ ನಾಲ್ಕನೇದೂ ಡಿಕ್ಕಿ ಹೊಡೆದು ಸೆಕೆಂಡಿಗೆ ಹತ್ತು ಸಲ ನಡುಗುತ್ತೆ. ಬೀಟ್ಸ್ ಪಾಠವನ್ನ ನಾವು ಬರೆದು ಪಾಸಾದ್ವಿ. ತಾತ ಅದನ್ನ ಕೇಳಿಸ್ಕೊಂಡ್ರು.

ಇದು ತಾತನೊಬ್ಬರ ತಕರಾರೂ ಅಲ್ಲ. ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗಲ್ಲ ಅಂತ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನ ಹೊರಗಿಟ್ಟಿತ್ತು, ನಿಷೇಧ ಸಡಿಲವಾಗಿದ್ದು 1971ರಲ್ಲಿ. ಟಾಗೋರರಿಗೂ ಅದು ಆಗ್ತಿರ್ಲಿಲ್ಲ. ಅದಕ್ಕೂ ಮೊದಲೇ, 1910ರ ದಶಕದಲ್ಲಿ, ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಕ್ಲೆಮೆಂಟ್ಸ್ ಅನ್ನೋ ಐಸಿಎಸ್ ಅಧಿಕಾರಿ ಸೇರ್ಕೊಂಡು ಹನ್ನೆರಡಕ್ಕಿಂತ ಹೆಚ್ಚು ಸ್ವರ ಇರೋ ಶ್ರುತಿ ಹಾರ್ಮೋನಿಯಂ ಮಾಡಿಸಿದ್ರು. ಯೋಚನೆ ಸರಿಯಾಗೇ ಇತ್ತು, ಆದ್ರೆ ನಾಟಕದ ಪೆಂಡಾಲಿಗೆ ಅದು ಬರಲಿಲ್ಲ. ಬಂದಿದ್ರೂ ಬೆರಳು ಎಲ್ಲಿಡೋದು?

ನಮಗೆ ಹೆಚ್ಚು ಮನೆ ಬೇಕಾಗಿರ್ಲಿಲ್ಲ. ಇರೋ ಹನ್ನೆರಡನ್ನ ಜಾಗಕ್ಕೆ ಕೂರಿಸೋದಿತ್ತು. ಇದಕ್ಕೆ ಸಾಫ್ಟ್‌ವೇರ್ ಆಗಲೇ ಇದೆ. ನೆದರ್‌ಲ್ಯಾಂಡ್ಸ್‌ನ ಮ್ಯಾನುಯೆಲ್ ಆಪ್ ಡಿ ಕೌಲ್ ಬರೆದ ಸ್ಕಾಲಾ ಅನ್ನೋ ಪ್ರೋಗ್ರಾಂನ ಫೈಲ್ ನೋಡಿ ನಗು ಬಂತು. ಬರೀ ಟೆಕ್ಸ್ಟ್. ಒಂದು ಸಾಲು ಹೆಸರು, ಒಂದು ಸಾಲು ಸ್ವರ ಎಷ್ಟು ಅಂತ, ಆಮೇಲೆ 16/15, 9/8, 6/5, 5/4 ಅಂತ ಹನ್ನೆರಡು ಭಿನ್ನರಾಶಿ. ಒಟ್ಟು ಹದಿನಾಲ್ಕು ಸಾಲು. ಅದನ್ನ ಸರ್ಜ್ ಎಕ್ಸ್‌ಟಿ ಅನ್ನೋ ಉಚಿತ ಸಿಂಥಸೈಜರ್‌ಗೆ ಹಾಕಿದ್ರೆ ಗಾಂಧಾರ ತಣ್ಣಗೆ ಕೂತ್ಕೊಳ್ತು. ಆದ್ರೆ ನಮ್ಮ ಹಳೇ ಲ್ಯಾಪ್‌ಟಾಪ್‌ನಲ್ಲಿ ಆಡಿಯೋ ಬಫರ್ 1024ಕ್ಕಿಂತ ಕಮ್ಮಿ ಇಟ್ರೆ ಪಟಪಟ ಅನ್ನೋದು, 1024 ಇಟ್ರೆ 23 ಮಿಲಿಸೆಕೆಂಡ್ ತಡ. "ಬೆರಳು ಮುಂದೆ ಹೋಗುತ್ತೆ, ದನಿ ಹಿಂದಿಂದ ಓಡಿ ಬರುತ್ತೆ" ಅಂದ್ರು ತಾತ. 23 ಮಿಲಿಸೆಕೆಂಡ್!

ಹಾಗಾಗಿ ಪೈಥಾನ್‌ನಲ್ಲಿ ನಾವೇ ಒಂದು ಬರೆದ್ವಿ. ಕೀಬೋರ್ಡ್‌ನಿಂದ ಮಿಡಿ ಸಂದೇಶ ತಗೊಂಡು, ಯಾವ ಸ್ವರ ಅಂತ ನೋಡಿ, ಅದಕ್ಕೆ ತಕ್ಕ ಪಿಚ್ ಬೆಂಡ್ ಸೇರಿಸಿ ಅದೇ ಕೀಬೋರ್ಡ್‌ಗೆ ವಾಪಸ್ ಕಳ್ಸೋದು. ದನಿ ಅದರದ್ದೇ, ಸ್ಥಾನ ನಮ್ಮದು. ಪಿಚ್ ಬೆಂಡ್‌ಗೆ 16384 ಹಂತ, ನಡುವೆ 8192. ಮೇಲೆ ಕೆಳಗೆ ಎರಡೆರಡು ಮನೆ ಅಂದ್ರೆ ಸೆಂಟಿಗೆ 40.96 ಹಂತ. ಗಾಂಧಾರಕ್ಕೆ 7631. ಎರಡು ವಾರ ಈ ಸಂಖ್ಯೆ ನಮ್ಮ ವೈಫೈ ಪಾಸ್‌ವರ್ಡ್ ಆಗಿತ್ತು. ಮೊದಲ ದಿನ ಗಾಂಧಾರ ಒತ್ತಿದ್ರೆ ಹಿಡಿದಿದ್ದ ಷಡ್ಜವೂ ಜಾರ್ತಿತ್ತು, ಯಾಕಂದ್ರೆ ಪಿಚ್ ಬೆಂಡ್ ಸ್ವರಕ್ಕಲ್ಲ, ಇಡೀ ಚಾನೆಲ್‌ಗೆ ಅನ್ವಯ. ಸರಿ, ಒಂದೊಂದು ಸ್ವರಕ್ಕೆ ಒಂದೊಂದು ಚಾನೆಲ್ ಕೊಟ್ವಿ. ಆಗ ಮಧ್ಯೆ ಮಧ್ಯೆ ಒಂದು ಸ್ವರ ಢಂ ಅಂತ ಡ್ರಮ್ ಆಗಿ ಬರೋದು. ಹತ್ತನೇ ಚಾನೆಲ್ ತಾಳವಾದ್ಯಕ್ಕೆ ಮೀಸಲು ಅಂತ ಗೊತ್ತಾಗೋಕೆ ಒಂದು ರಾತ್ರಿ ಹೋಯ್ತು. ತಾತ ಅದನ್ನ ಕೇಳಿದ್ರೆ ಭೀಮನ ಪ್ರವೇಶಕ್ಕೆ ಇಟ್ಕೊಳ್ಳಿ ಅಂತಿದ್ರೋ ಏನೋ.

ಇಷ್ಟೆಲ್ಲ ಆದ ಮೇಲೆ ತಾತನ ಹಾರ್ಮೋನಿಯಂ ಅಳೆಯೋಣ ಅನ್ನಿಸ್ತು. ಅವರೇ ಎಷ್ಟೋ ವರ್ಷದ ಹಿಂದೆ ರೀಡ್ ಕೆರೆದು ಗಾಂಧಾರ ಸರಿ ಮಾಡ್ಕೊಂಡಿದ್ರಂತೆ. ಹಿತ್ತಾಳೆ ರೀಡಿನ ತುದಿ ಕೆರೆದ್ರೆ ಸ್ವರ ಏರುತ್ತೆ, ಬುಡ ಕೆರೆದ್ರೆ ಇಳಿಯುತ್ತೆ. ಬಟ್ಟೆ ತೆಗೆಸಿದ್ವಿ, ಕುಣಿಗಲ್‌ನವನು ತಿದಿ ಒತ್ತಿದ, ಫೋನಲ್ಲಿ ರೆಕಾರ್ಡ್ ಮಾಡಿ ಎಫ್‌ಎಫ್‌ಟಿ ಹಾಕಿದ್ವಿ. 386 ಬರುತ್ತೆ ಅಂದ್ಕೊಂಡಿದ್ವಿ. ಬಂದಿದ್ದು 393.

ಆಗ ನಮಗೆ ಬಂದ ಖುಷಿ ನೆನೆಸ್ಕೊಂಡ್ರೆ ಈಗ ನಾಚಿಕೆ ಆಗುತ್ತೆ. "ತಾತ, ನಿಮ್ದು ಏಳು ಸೆಂಟ್ ತಪ್ಪಿದೆ, ಬೇಕಾದ್ರೆ ನಾವು ಇನ್ನೊಂಚೂರು ಕೆರೆದು ಕೊಡ್ತೀವಿ" ಅಂತ ಅಂದೇಬಿಟ್ವಿ. ಗುಬ್ಬಿಯವನು ನಮ್ಮ ಮುಖ ನೋಡಿದ. ತಾತ ಬೈಯಲಿಲ್ಲ.

"ನಮ್ ಕೃಷ್ಣ ಎಲ್ಲಿ ಹಾಡ್ತಾನೆ? ಬಿಳಿ ಒಂದು. ದುರ್ಯೋಧನ? ಬಿಳಿ ಎರಡು. ಕೃಷ್ಣನ ಗಾಂಧಾರದ ಮನೆ ದುರ್ಯೋಧನಂಗೆ ಏನಾಯ್ತು?"

ಬೆರಳು ಮಡಿಸಿ ನೋಡಿದ್ವಿ. ರಿಷಭ.

"ಕೃಷ್ಣಂಗೆ ಪೂರ್ತಿ ಇಳಿಸಿದ್ರೆ ದುರ್ಯೋಧನನ ರಿಷಭ ಸತ್ತೋಗುತ್ತೆ. ಇಬ್ಬರೂ ದುಡ್ಡು ಕೊಟ್ಟಿರ್ತಾರಪ್ಪ. ಅದಕ್ಕೆ ಅರ್ಧಕ್ಕೆ ನಿಲ್ಲಿಸ್ದೆ."

ಬಸ್‌ಸ್ಟಾಂಡಿಗೆ ಬರೋ ದಾರೀಲೇ ಲೆಕ್ಕ ಮಾಡಿದ್ವಿ. ಕೃಷ್ಣನಿಗೆ ಬೇಕಾದ್ದು 386, ದುರ್ಯೋಧನನಿಗೆ ಬೇಕಾದ್ದು 404, ತಾತ ಇಟ್ಟಿದ್ದು 393. ಟ್ಯೂನರ್ ಇಲ್ಲ, ಸೆಂಟ್ ಅನ್ನೋ ಪದ ಕೇಳಿಲ್ಲ, ಒಂದು ಅರ ಮತ್ತು ಎರಡು ಕಿವಿ. ಐದು ಹಳ್ಳಿ ಕೊಡಿ ಅಂತ ಕೃಷ್ಣ ಮಾಡಿದ ಸಂಧಾನ ಮುರಿದುಬಿತ್ತು, ತಾತ ಒಂದು ರೀಡಿನ ಮೇಲೆ ಮಾಡಿದ ಸಂಧಾನ ಇಷ್ಟು ವರ್ಷ ನಿಂತಿದೆ. ಅದನ್ನ ನಾವು ಕೆರೆಯೋಕೆ ಹೊರಟಿದ್ವಿ.

ನಮ್ಮ ಪ್ರೋಗ್ರಾಂ ಏನಕ್ಕೆ ಬೇಕು ಅಂತಲೂ ಆಗಲೇ ಅರ್ಥ ಆಗಿದ್ದು. ಭಿನ್ನರಾಶಿ ಹಾಕೋದು ಸುಲಭ, ಷಡ್ಜ ಬದಲಾದಾಗ ಹನ್ನೆರಡೂ ಸ್ವರ ಜಾಗ ಬದಲಿಸಬೇಕು. ಬಿಳಿ ಒಂದಕ್ಕೆ ಶುದ್ಧವಾಗಿ ಕೂರಿಸಿದ ಕೀಬೋರ್ಡ್‌ನಲ್ಲಿ ಬಿಳಿ ಎರಡರಿಂದ ಹಾಡಿಸಿದ್ರೆ ಪಂಚಮ 3/2 ಬರಲ್ಲ, 40/27 ಬರುತ್ತೆ, 22 ಸೆಂಟ್ ಇಳಿ. ರೀಡು ಮಧ್ಯರಾತ್ರಿ ಬದಲಾಗಲ್ಲ, ಕೋಡ್ ಆಗುತ್ತೆ. ಲ್ಯಾಪ್‌ಟಾಪಿನ ಒಂದೊಂದು ಕೀಗೆ ಒಂದೊಂದು ಷಡ್ಜ ಕೊಟ್ವಿ. ಕೃಷ್ಣನಿಗೆ ಕೆ, ದುರ್ಯೋಧನನಿಗೆ ಡಿ.

ಏಪ್ರಿಲ್‌ನಲ್ಲಿ ಕುಣಿಗಲ್ ಕಡೆ ಒಂದು ಊರಲ್ಲಿ ಕುರುಕ್ಷೇತ್ರ ಇತ್ತು. ಕುಣಿಗಲ್‌ನವನ ಸೋದರಮಾವನೇ ದುರ್ಯೋಧನ, ಅವರ ಕೈಕಾಲು ಹಿಡಿದು ತಾತನನ್ನ ಕರೆಸಿದ್ವಿ. ತಾತ ಪಂಚೆ, ಶಲ್ಯದಲ್ಲಿ ಸ್ಟೇಜಿನ ಮುಂದೆ ಕುರ್ಚಿ ಹಾಕ್ಕೊಂಡು ಕೂತ್ರು. ಕಾಲು ಸುಮ್ಮನಿತ್ತು, ಆದ್ರೂ ಅಭ್ಯಾಸಕ್ಕೆ ಪಾದ ಎದ್ದು ಎದ್ದು ಬೀಳ್ತಿತ್ತು. ಕೆಳಗೆ ಲ್ಯಾಪ್‌ಟಾಪ್ ಹಿಡಿದು ನಾವು. ಕೃಷ್ಣನ ಪ್ರವೇಶದಲ್ಲಿ ಗಾಂಧಾರದ ಮೇಲೆ ಅವರು ನಿಂತ ರೀತಿ ನೋಡಬೇಕಿತ್ತು. ಬೇಕು ಅಂತಲೇ ನಿಂತ್ರು. ಕೃಷ್ಣನೂ ಅಲ್ಲೇ ನಿಂತ. ಮೈಕ್ ಸೆಟ್‌ನವನು ತಿರುಗಿ ನೋಡಿದ.

ಸಂಧಾನದ ಸೀನಲ್ಲಿ ಎಡವಟ್ಟಾಯ್ತು. ಕೃಷ್ಣ ಮುಗಿಸಿದ ತಕ್ಷಣ ದುರ್ಯೋಧನ ಎತ್ಕೊಳ್ಳಬೇಕು, ನಮಗೆ ಪದ್ಯ ಕೇಳ್ತಾ ಕೇಳ್ತಾ ಡಿ ಒತ್ತೋದು ಮರ್ತೋಯ್ತು. ಪಂಚಮ ಕುಸಿದಿದ್ದು ನಮಗೂ ಕೇಳಿಸ್ತು. ತಾತ ತಿರುಗಿ ನೋಡಲಿಲ್ಲ. ಪಂಚಮ ಬಿಟ್ಟು ಷಡ್ಜದ ಸುತ್ತಲೇ ಬೆರಳಾಡಿಸ್ತಾ ಒಂದು ಸಾಲು ಕಳೆದ್ರು. ನಾವು ನಡುಗೋ ಕೈಯಲ್ಲಿ ಡಿ ಒತ್ತಿದ ಮೇಲೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಪಂಚಮಕ್ಕೆ ಹೋದ್ರು. ಬದಲಾಗಿದ್ದು ಅವರಿಗೆ ಹೇಗೆ ಗೊತ್ತಾಯ್ತು ಅಂತ ಇವತ್ತಿಗೂ ಕೇಳಿಲ್ಲ. ಸೋದರಮಾವನಿಗಂತೂ ಏನೂ ಗೊತ್ತಾಗಿಲ್ಲ, ಅವರು ಗದೆ ತಿರುಗಿಸೋದ್ರಲ್ಲೇ ಇದ್ರು.

ಬೆಳಿಗ್ಗೆ ಮೊದಲ ಬಸ್ಸಲ್ಲಿ ತುಮಕೂರು ಕಡೆ ಹೊರಟ್ವಿ. ಕೀಬೋರ್ಡ್ ತಾತನ ತೊಡೆ ಮೇಲೆ. ನಾವು ಕೊಡಿ ಅಂದ್ರೂ ಕೊಡಲಿಲ್ಲ. ನಿದ್ದೆ ಹೋಗಿದ್ದಾರೆ ಅಂದ್ಕೊಂಡ್ವಿ, ಕಣ್ಣು ಮುಚ್ಕೊಂಡೇ ಕೇಳಿದ್ರು:

"ಆ ಭೀಮ ಯಾವ ಮನೇಲೂ ನಿಲ್ಲಲ್ಲ ಕಣ್ರೋ. ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ಮಧ್ಯೆ ಎಲ್ಲೋ ಹಾಡ್ತಾನೆ. ಹಾರ್ಮೋನಿಯಂನಲ್ಲಿ ಅವನನ್ನೇ ಬೈದು ಎಳೀತಿದ್ದೆ. ಇದ್ರಲ್ಲಿ ಅವನಿಗೂ ಒಂದು ಮನೆ ಮಾಡಕ್ಕಾಗುತ್ತಾ?"

ಗುಬ್ಬಿಯವನು ಆಗಲೇ ಬ್ಯಾಗಿಂದ ಲ್ಯಾಪ್‌ಟಾಪ್ ತೆಗೀತಿದ್ದ. ಚಾರ್ಜ್ ನಾಲ್ಕು ಪರ್ಸೆಂಟ್ ಇತ್ತು.