ನಮ್ಮ ಮನೆಗೆ ಬಂದ ಯುದ್ಧ ಟ್ಯಾಂಕು

ಬಿಡುವಿನ ವೇಳೆಯ ಸದುಪಯೋಗಕ್ಕೆ ಪ್ರತಿಯೊಬ್ಬರಿಗೂ ಒಂದು ಹವ್ಯಾಸವಿರಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಶಿಕ್ಷಕ ವೃತ್ತಿಯಲ್ಲಿದ್ದಷ್ಟು ಕಾಲ ನಾವೂ ಈ ಮಾತನ್ನು ಮಕ್ಕಳಿಗೆ ಅದೆಷ್ಟು ಬಾರಿ ಬೋಧಿಸಿದ್ದೇವೋ ಲೆಕ್ಕವಿಲ್ಲ. ಆದರೆ ಕಳೆದ ದೀಪಾವಳಿಯ ರಜೆಯಲ್ಲಿ ಬೆಂಗಳೂರಿನ ಮೊಮ್ಮಗ ತನ್ನ ಹವ್ಯಾಸವನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಕೊಂಡು ಧಾರವಾಡಕ್ಕೆ ಬಂದಾಗ, ಆ ಬೋಧೆಯನ್ನು ಹಿಂದಕ್ಕೆ ಪಡೆಯಬೇಕೆನಿಸಿತು. ಪೆಟ್ಟಿಗೆಯ ಮೇಲೆ ಬೆಂಕಿಯುಗುಳುವ ಯುದ್ಧ ಟ್ಯಾಂಕಿನ ಚಿತ್ರವಿತ್ತು.

ನಮ್ಮ ಶ್ರೀಮತಿಯವರು ಅದನ್ನು ಕಂಡೊಡನೆ, “ಮಂದೀನ್ನ ಕೊಲ್ಲೂ ಬಂಡಿ ಮನಿಯಾಗ ಯಾಕ ಬೇಕಪಾ? ಪಡಸಾಲ್ಯಾಗ ಮಾತ್ರ ಇಡಬ್ಯಾಡ” ಎಂದರು.

“ಇದು ಆಟಿಕೆ ಅಲ್ಲ ಅಜ್ಜಿ, ಮಾದರಿ” ಎಂದ ಮೊಮ್ಮಗ. ಅಜ್ಜಿ ಉತ್ತರಿಸದೆ ಒಳಗೆ ಹೋದರು. ಹಿತ್ತಿಲ ಕಡೆಯ ಕೋಣೆಯಲ್ಲಿ ಒಂದು ಹಳೆಯ ಮೇಜನ್ನು ತೆರವು ಮಾಡಿಕೊಟ್ಟು ನಾವು ಸಂಧಾನ ಮಾಡಿದೆವು. ಅಂಟಿನ ವಾಸನೆ ಘಾಟಾದುದರಿಂದ ಕಿಟಕಿಗಳಿದ್ದ ಆ ಕೋಣೆಯೇ ಅದಕ್ಕೆ ತಕ್ಕುದಾಗಿತ್ತು.

ಆಟಿಕೆಗೂ ಮಾದರಿಗೂ ಇರುವ ಅಂತರವನ್ನು ಮೊದಲ ದಿನವೇ ಮೊಮ್ಮಗನಿಂದ ಕಲಿತೆವು. ಮಾದರಿಯೆಂದರೆ ಅಳತೆಗೆ ಬದ್ಧವಾದುದು. ಇವನ ಮಾದರಿ ಮೂಲದ ಮೂವತ್ತೈದರಲ್ಲಿ ಒಂದಂಶ. ಈ ವಿಚಿತ್ರ ಲೆಕ್ಕ ಬಂದ ಬಗೆಯೂ ಸ್ವಾರಸ್ಯಕರವಾಗಿದೆ. ಜಪಾನಿನ ಟಮಿಯಾ ಸಂಸ್ಥೆಯವರು 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಮಾಡುವಾಗ, ಒಳಗೆ ಮೋಟಾರು ಮತ್ತು ಬ್ಯಾಟರಿಗಳು ಹಿಡಿಸುವಷ್ಟು ಗಾತ್ರವಿಟ್ಟರು. ಆಮೇಲೆ ಅಳೆದು ನೋಡಿದರೆ ಅದು ಮೂಲದ ಸುಮಾರು ಮೂವತ್ತೈದನೆಯ ಒಂದಂಶವಾಗಿತ್ತು. ಮುಂದೆ ಲೋಕದ ಅನೇಕ ಕಂಪನಿಗಳು ಅದನ್ನೇ ಅನುಸರಿಸಿದವು. ಈ ಲೆಕ್ಕದಲ್ಲಿ ಐದೂಮುಕ್ಕಾಲು ಅಡಿಯ ಮನುಷ್ಯನು ಐದು ಸೆಂಟಿಮೀಟರಿನವನಾಗುತ್ತಾನೆ.

ಮೊಮ್ಮಗ ತಂದುದು ಸೆಂಚುರಿಯನ್ ಎಂಬ ಟ್ಯಾಂಕು. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ಕೊನೆಗೆ ರೂಪುಗೊಂಡು, 1945ರ ಮೇ ತಿಂಗಳಲ್ಲಿ ಜರ್ಮನಿಯನ್ನು ಮುಟ್ಟುವಷ್ಟರಲ್ಲಿ ಅಲ್ಲಿಯ ಯುದ್ಧವೇ ಮುಗಿದಿತ್ತಂತೆ. ಮುಂದೆ ನಮ್ಮ ಸೈನ್ಯವೂ ಇದನ್ನು ಕೊಂಡು 1965 ಮತ್ತು 1971ರ ಯುದ್ಧಗಳಲ್ಲಿ ಬಳಸಿತು. ಐವತ್ತು ಟನ್ನಿಗೂ ಮಿಕ್ಕ ಭಾರ, 84 ಮಿಲಿಮೀಟರ್ ಬಾಯಿಯ ಫಿರಂಗಿ, ಒಳಗೆ ನಾಲ್ವರು: ನಾಯಕ, ಗುರಿಯಿಡುವವ, ಗುಂಡು ತುಂಬುವವ ಮತ್ತು ಚಾಲಕ.

ಕೆಲಸ ಆರಂಭವಾಯಿತು. ಪ್ಲಾಸ್ಟಿಕ್ಕಿನ ಚೌಕಟ್ಟುಗಳಲ್ಲಿ ನೂರಾರು ಬಿಡಿಭಾಗಗಳು, ಗಿಡದಲ್ಲಿ ಕಾಯಿ ತೂಗುವಂತೆ ಅಂಟಿಕೊಂಡಿರುತ್ತವೆ. ಅವುಗಳನ್ನು ಸಣ್ಣ ಕತ್ತರಿಯಿಂದ ಬಿಡಿಸಿ, ತೊಟ್ಟಿನ ಗುರುತನ್ನು ಉಪ್ಪುಕಾಗದದಿಂದ ಉಜ್ಜಿ ಅಳಿಸಬೇಕು. ಚೈನಿನ ಕೊಂಡಿಗಳನ್ನೇ ಒಂದೊಂದು ಬದಿಗೆ ನೂರರಷ್ಟು ಬಿಡಿಸಿ ಜೋಡಿಸಬೇಕು. ಈ ಕೆಲಸಕ್ಕೆ ನಮ್ಮನ್ನೂ ಸೇರಿಸಿಕೊಂಡ ಮೊಮ್ಮಗ ಎರಡೇ ದಿನಗಳಲ್ಲಿ ಪಶ್ಚಾತ್ತಾಪಪಟ್ಟನು. ಈ ಅಂಟು ಸಾಮಾನ್ಯ ಗೋಂದಿನಂತಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಅದು ತಿಳಿಯದೆ, ಅಂಟು ತಾಗಿದ ಬೆರಳಿನಿಂದ ಟ್ಯಾಂಕಿನ ಮೇಲ್ಗೋಪುರವನ್ನು ನಾವು ಒತ್ತಿ ಹಿಡಿದಿದ್ದೆವು. ಬೆರಳಚ್ಚು ಗೆರೆಗೆರೆಯಾಗಿ ಅದರಲ್ಲಿ ಮೂಡಿಬಿಟ್ಟಿತು!

ಹುಡುಗನ ಕಣ್ಣಲ್ಲಿ ನೀರಾಡಿತು. ಆದರೆ ಸಿಟ್ಟಾಗಲಿಲ್ಲ. ಒಂದು ದಿನ ಒಣಗಲು ಬಿಟ್ಟು, ಉಜ್ಜಿ, ಅದರ ಮೇಲೆ ತೆಳುವಾಗಿ ಲಪ್ಪ ಬಳಿದು, ಗಡಸು ಕುಂಚದಿಂದ ಕುಟ್ಟಿ ಕುಟ್ಟಿ ಒರಟು ಮಾಡಿದನು. “ನಿಜವಾದ ಗೋಪುರ ಎರಕದ ಉಕ್ಕು ಅಜ್ಜ, ಅದರ ಮೈ ನುಣುಪಾಗಿರೋದಿಲ್ಲ. ಹೇಗಿದ್ದರೂ ಇದನ್ನು ಮಾಡಲೇಬೇಕಿತ್ತು” ಎಂದು ನಮ್ಮನ್ನೇ ಸಮಾಧಾನಪಡಿಸಿದನು. ನಮ್ಮ ವೃತ್ತಿಯಲ್ಲಿ ವಿದ್ಯಾರ್ಥಿಗಳ ತಪ್ಪಿಗೆ ನಾವು ಇಷ್ಟು ಸೌಮ್ಯವಾಗಿ ನಡೆದುಕೊಂಡ ನೆನಪು ನಮಗಿಲ್ಲ.

ಬಣ್ಣ ಬಳಿಯುವುದು ಈ ಹವ್ಯಾಸದ ಅರ್ಧ ಭಾಗವೆನ್ನಬೇಕು. ಮೊದಲು ಅಸ್ತರಿ, ಆಮೇಲೆ ಕಡುಹಸಿರು. ನಮ್ಮ ದೃಷ್ಟಿಗೆ ಅಲ್ಲಿಗೆ ಕೆಲಸ ಮುಗಿದಿತ್ತು. ಮೊಮ್ಮಗನಿಗೆ ಅಲ್ಲಿಂದಲೇ ಆರಂಭ. ಕಡುಗಂದು ಬಣ್ಣವನ್ನು ನೀರಿನಷ್ಟು ತೆಳುವಾಗಿಸಿ ಹರಿಯಬಿಟ್ಟರೆ ಅದು ಸಂದುಗೊಂದುಗಳಲ್ಲಿ ನಿಂತು ನೆರಳಿನಂತೆ ಕಾಣುತ್ತದೆ. ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ, ಒಣಗಿದಂತಿರುವ ಅದೇ ಕುಂಚವನ್ನು ಅಂಚುಗಳ ಮೇಲೆ ಸವರಿದರೆ ಅವು ಎದ್ದು ತೋರುತ್ತವೆ. ಸ್ಪಂಜಿನ ಚೂರಿನಿಂದ ಅಲ್ಲಲ್ಲಿ ಮೆಲ್ಲಗೆ ಒತ್ತಿದರೆ ಬಣ್ಣ ಸುಲಿದು ಉಕ್ಕು ಇಣುಕಿದಂತಾಗುತ್ತದೆ.

“ಎಲ್ಲಿ ಬೇಕಾದರೂ ಸುಲಿಸಬಹುದೇನು?” ಎಂದು ಕೇಳಿದೆವು. “ಇಲ್ಲ ಅಜ್ಜ, ಮನುಷ್ಯರ ಕೈಕಾಲು ತಾಗುವ ಕಡೆ ಮಾತ್ರ. ಹತ್ತುವಾಗ ಎಲ್ಲಿ ಕಾಲಿಡುತ್ತಾರೆ, ಮುಚ್ಚಳ ತೆಗೆಯುವಾಗ ಎಲ್ಲಿ ಹಿಡಿಯುತ್ತಾರೆ, ಅಲ್ಲಿ” ಎಂದನು.

ಈ ಉತ್ತರ ನಮ್ಮನ್ನು ಹಿಡಿದು ನಿಲ್ಲಿಸಿತು. ಅಲ್ಲಿಯವರೆಗೆ ಅದು ನಮಗೆ ಒಂದು ಯಂತ್ರವಾಗಿತ್ತು. ಚಾಲಕ ಮುಂದೆ ಬಲಕ್ಕೆ ಕೂಡುತ್ತಾನೆ, ಗೋಪುರದ ಬಲಕ್ಕೆ ಗುರಿಯಿಡುವವ, ಅವನ ಬೆನ್ನಿಗೆ ನಾಯಕ, ಎಡಕ್ಕೆ ಗುಂಡು ತುಂಬುವವ. ಒಬ್ಬೊಬ್ಬರ ದಾರಿಯನ್ನೂ ಊಹಿಸಿ ಸವೆತವನ್ನು ಗುರುತಿಸುತ್ತ ಹೋದಂತೆ ನಾಲ್ವರು ನಮ್ಮೆದುರಿಗೆ ಹತ್ತಿ ಇಳಿದಂತಾಯಿತು.

ಮೊಮ್ಮಗ ಮಾಡುತ್ತಿದ್ದುದು ಕೇವಲ ಯಾವುದೋ ಒಂದು ಸೆಂಚುರಿಯನ್ ಅಲ್ಲ, ‘ಫಾಮಗುಸ್ತಾ’ ಎಂಬ ಹೆಸರಿನ ಟ್ಯಾಂಕು. ಸೈಪ್ರಸ್ ದ್ವೀಪದ ಒಂದು ನಗರದ ಹೆಸರದು. 17 ಪೂನಾ ಹಾರ್ಸ್ ದಳದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಇದರ ನಾಯಕರಾಗಿದ್ದರು. ಸೈನ್ಯಕ್ಕೆ ಸೇರಿ ಆರು ತಿಂಗಳಾಗಿತ್ತಷ್ಟೆ. 1971ರ ಡಿಸೆಂಬರ್ 16ರಂದು ಶಕರಗಢ ಭಾಗದ ಬಸಂತರ್ ನದಿಯ ಕದನದಲ್ಲಿ ಇವರ ಟ್ಯಾಂಕಿಗೆ ಪೆಟ್ಟು ಬಿದ್ದು ಬೆಂಕಿ ಹತ್ತಿತು. ಬಿಟ್ಟು ಹೊರಬರಲು ರೇಡಿಯೋದಲ್ಲಿ ಆಜ್ಞೆಯಾದರೂ, ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆಯೆಂದು ಹೋರಾಟ ಮುಂದುವರಿಸಿ ಪ್ರಾಣವಿತ್ತರು. ಆಗ ಅವರಿಗೆ 21 ವರ್ಷ. ಮರಣೋತ್ತರವಾಗಿ ಪರಮವೀರ ಚಕ್ರವನ್ನು ನೀಡಲಾಯಿತು. ಆ ಟ್ಯಾಂಕನ್ನು ಮುಂದೆ ದುರಸ್ತಿ ಮಾಡಿ ಅಹಮದ್‌ನಗರದ (ಈಗಿನ ಅಹಿಲ್ಯಾನಗರ) ಸೈನಿಕ ಕೇಂದ್ರದಲ್ಲಿ ಕಾಪಾಡಿದ್ದಾರೆ.

ಒಂದು ಸಂಜೆ ಈ ಕಥೆಯನ್ನು ಮೊಮ್ಮಗ ನಮಗೆ ಹೇಳುತ್ತಿರುವಾಗ, ಚಹಾ ತಂದ ಶ್ರೀಮತಿಯವರು ಬಾಗಿಲಲ್ಲೇ ನಿಂತರು. ಅವರ ಹಿರಿಯ ಅಣ್ಣ ಆ ಡಿಸೆಂಬರಿನಲ್ಲಿ ಸೈನ್ಯದಲ್ಲಿದ್ದವರು. ಯುದ್ಧ ನಿಂತ ಮೇಲೂ ಬಹುದಿನ ಪತ್ರ ಬಾರದೆ, ಅವರ ತಾಯಿ ಅಂಚೆಯವನ ದಾರಿ ಕಾಯುತ್ತ ಕಟ್ಟೆಯ ಮೇಲೆ ಕೂಡುತ್ತಿದ್ದರಂತೆ. ಅಣ್ಣ ಮರಳಿ ಬಂದರು, ಹೊಲ ಮಾಡಿದರು, ತೀರಿಯೂ ಹೋದರು. ಆದರೆ ಕಂಡದ್ದನ್ನು ಯಾರಿಗೂ ಹೇಳಲಿಲ್ಲ. ಪೆಟ್ಟಿಗೆಯ ಚಿತ್ರ ಕಂಡೊಡನೆ ಅವರು ಮುಖ ತಿರುಗಿಸಿದ ಕಾರಣ ಇಷ್ಟು ವರ್ಷ ಜೊತೆಗಿದ್ದ ನಮಗೂ ಅಂದು ಹೊಳೆದಿರಲಿಲ್ಲ.

“ಉಳಿದ ಮೂವರು ಏನಾದರು?” ಎಂದು ಅವರು ಕೇಳಿದರು.

ಮೊಮ್ಮಗ ಓದಿ ತಿಳಿದುಕೊಂಡಿದ್ದನು. ಗುರಿಯಿಡುತ್ತಿದ್ದ ನಾಥು ಸಿಂಗ್, ಚಾಲಕ ಪ್ರಯಾಗ ಸಿಂಗ್ ಬದುಕುಳಿದರು. ಸವಾರ್ ನಂದ್ ಸಿಂಗ್ ಎಂಬವರು ಅದೇ ಟ್ಯಾಂಕಿನಲ್ಲಿ ಮಡಿದರು. ನಾಯಕರ ಹೆಸರು ದೇಶಕ್ಕೆಲ್ಲ ಗೊತ್ತು, ನಂದ್ ಸಿಂಗರ ಹೆಸರನ್ನು ನಾವು ಕೇಳಿದ್ದು ಅಂದೇ ಮೊದಲು.

ಕಥೆಗೆ ಇನ್ನೊಂದು ತುದಿಯುಂಟು. 2001ರಲ್ಲಿ ಅರುಣರ ತಂದೆ, ನಿವೃತ್ತ ಬ್ರಿಗೇಡಿಯರ್ ಎಂ. ಎಲ್. ಖೇತ್ರಪಾಲರು, ತಮ್ಮ ಹುಟ್ಟೂರಾದ ಸರ್ಗೋಧಾವನ್ನು ನೋಡಲು ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಅವರನ್ನು ಆದರದಿಂದ ಸತ್ಕರಿಸಿದವರು ನಿವೃತ್ತ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್. ಮಗನ ಟ್ಯಾಂಕಿನ ಮೇಲೆ ಗುಂಡು ಹಾರಿಸಿದವನು ತಾನೇ ಎಂದು ಆ ಆತಿಥೇಯರೇ ತಂದೆಯ ಮುಂದೆ ಒಪ್ಪಿಕೊಂಡರು. ಅನ್ನವಿಟ್ಟ ಕೈಯೇ ಮಗನನ್ನು ಕೊಂದ ಕೈಯೆಂದು ತಿಳಿದ ಆ ವೃದ್ಧ ಜೀವ ಅದನ್ನು ಹೇಗೆ ಸಹಿಸಿತೋ! ಶ್ರೀಮತಿಯವರು ಏನೂ ಹೇಳಲಿಲ್ಲ. ಚಹಾ ಆರಿಹೋಗಿತ್ತು, ಬಿಸಿ ಮಾಡಿ ತರುತ್ತೇನೆಂದು ಎದ್ದರು.

ಮರುದಿನ ಎರಡು ಬದಲಾವಣೆಗಳಾದವು. ಮೊಮ್ಮಗ ನಮ್ಮ ಹಿತ್ತಿಲಿನ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಚಕ್ರಗಳಿಗೆ ಬಳಿದಿದ್ದನು. ಬಸಂತರ್ ರಾವಿಯ ಉಪನದಿ, ಅಲ್ಲಿಯದು ನದಿಗಳು ತಂದು ಹಾಸಿದ ಬೂದುಗಂದಿನ ಮೆಕ್ಕಲು. ಹುಡುಗ ಕೆಮ್ಮಣ್ಣನ್ನೆಲ್ಲ ತೊಳೆದು ಬೇರೆ ಬಣ್ಣದ ಪುಡಿ ಹಚ್ಚಿದನು. ಗುಂಡು ತಾಗಿದ ತೂತನ್ನೂ ಕೊರೆಯಬೇಕೆಂದು ಅವನು ಮೊದಲಿನಿಂದ ಉತ್ಸುಕನಾಗಿದ್ದನು. ಈಗ ಸೂಜಿಯನ್ನು ಹಿಡಿದು ಬಹಳ ಹೊತ್ತು ಕೂತು, “ಬೇಡ ಅಜ್ಜ, ಪೆಟ್ಟು ಬೀಳುವ ಮೊದಲಿನ ಮುಂಜಾನೆಯದನ್ನೇ ಮಾಡುತ್ತೇನೆ. ನಾಲ್ಕೂ ಜನ ಇದ್ದಾಗಿನದು” ಎಂದು ಕೆಳಗಿಟ್ಟನು.

ನಾಲ್ಕು ಗೊಂಬೆಗಳಿಗೆ ಬಣ್ಣ ಬಳಿಯುವ ಹೊತ್ತಿಗೆ ರಜೆ ಮುಗಿದಿತ್ತು. ಮಾದರಿಯನ್ನು ಅವನು ನಮ್ಮಲ್ಲೇ ಬಿಟ್ಟುಹೋದನು. ಅದು ಈಗ ಪಡಸಾಲೆಯ ಗಾಜಿನ ಕಪಾಟಿನಲ್ಲಿದೆ. ಅಲ್ಲಿಟ್ಟವರು ಶ್ರೀಮತಿಯವರೇ.

ಮಕ್ಕಳ ಕೈಯಲ್ಲಿ ಯುದ್ಧದ ವಸ್ತು ಕಂಡಾಗ ಪಾಲಕರು ಅಂಜುವುದು ಸಹಜ. ಆ ಅಂಜಿಕೆ ತಪ್ಪೆಂದು ನಾವು ಹೇಳಲಾರೆವು. ಆದರೆ ಕಿತ್ತುಕೊಳ್ಳುವ ಮೊದಲು ಒಂದು ವಾರ ಜೊತೆಗೆ ಕೂತು, ಅದರೊಳಗೆ ಯಾರಿದ್ದರೆಂದು ಮಕ್ಕಳನ್ನು ಕೇಳಿರಿ. ಅವರಿಗೆ ತಿಳಿಯದಿದ್ದರೆ ಇಬ್ಬರೂ ಕೂಡಿ ಹುಡುಕಿರಿ. ಪ್ರತಿ ಸೋಮವಾರ ಕಪಾಟಿನ ಧೂಳು ಒರೆಸುವಾಗ ನಮ್ಮ ಮನೆಯವರು ಎಡಗಡೆಯ ಮುಚ್ಚಳದಲ್ಲಿ ನಿಂತ ಐದು ಸೆಂಟಿಮೀಟರಿನ ಸೈನಿಕನನ್ನು ಮೃದುವಾದ ಕುಂಚದಿಂದ ತಾವೇ ಒರೆಸುತ್ತಾರೆ. ಆ ಕೆಲಸವನ್ನು ನಮಗೆ ಬಿಡುವುದಿಲ್ಲ. ನಮ್ಮ ಬೆರಳಿನ ಕಥೆ ಅವರಿಗೆ ಗೊತ್ತಿದೆಯಲ್ಲ!